ಕಲಿಸುವ ಹೊಣೆ ಯಾರದು? ಕೌಶಲ್ಯಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬೆಂಗಳೂರಿನ ಯುವಜನರಿಗೆ ಕೆಲಸದ ಜಾಗದಲ್ಲೇ ಕೆಲಸ ಕಲಿಸುವ ವ್ಯವಸ್ಥೆಯನ್ನು ಬಲಪಡಿಸುವ ಕುರಿತು.

ಮಾನ್ಯರೇ,

ಪೀಣ್ಯ ಎರಡನೇ ಹಂತದ ಯಾವ ಅಡ್ಡರಸ್ತೆಗೆ ಹೋದರೂ ಶೆಡ್ಡುಗಳ ಗೇಟಿನ ಮೇಲೆ ‘ಬೇಕಾಗಿದ್ದಾರೆ’ ಎಂಬ ಬೋರ್ಡುಗಳು ಕಾಣುತ್ತವೆ. ಸಿಎನ್‌ಸಿ ಆಪರೇಟರ್, ವಿಎಂಸಿ ಸೆಟ್ಟರ್, ಕ್ವಾಲಿಟಿ ಇನ್‌ಸ್ಪೆಕ್ಟರ್, ಟೈಲರ್, ಹೆಲ್ಪರ್ ಎಂದು ಬರೆದು ಕೆಳಗೊಂದು ಮೊಬೈಲ್ ನಂಬರ್ ಹಾಕಿರುತ್ತಾರೆ. ಸಿಎನ್‌ಸಿ, ವಿಎಂಸಿ ಎಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಯಂತ್ರಗಳು, ಸೆಟ್ಟರ್ ಎಂದರೆ ಅವನ್ನು ಕೆಲಸಕ್ಕೆ ಸಜ್ಜುಗೊಳಿಸುವವರು. ಕೆಲವು ಬೋರ್ಡುಗಳ ಬಣ್ಣ ಮಳೆ ಬಿಸಿಲಿಗೆ ಮಾಸಿಹೋಗಿದ್ದರೂ ಅವನ್ನು ಯಾರೂ ಇಳಿಸಿಲ್ಲ, ಏಕೆಂದರೆ ಬೇಕಾದವರು ಇನ್ನೂ ಸಿಕ್ಕಿಲ್ಲ. ಅದೇ ರಸ್ತೆಗಳಲ್ಲಿ ಬೆಳಗಿನ ಹೊತ್ತು ಪ್ಲಾಸ್ಟಿಕ್ ಫೈಲಿನಲ್ಲಿ ಅಂಕಪಟ್ಟಿ ಇಟ್ಟುಕೊಂಡು ಗೇಟಿನಿಂದ ಗೇಟಿಗೆ ಅಲೆಯುವ ಹುಡುಗರೂ ಸಿಗುತ್ತಾರೆ. ತುಮಕೂರು, ರಾಮನಗರ, ಚಿತ್ರದುರ್ಗ, ಕಲಬುರಗಿ ಕಡೆಯಿಂದ ಬಂದವರು, ಐಟಿಐ ಅಥವಾ ಡಿಪ್ಲೊಮಾ ಮುಗಿಸಿದವರು. ‘ಎಕ್ಸ್‌ಪೀರಿಯೆನ್ಸ್ ಇದೆಯಾ’ ಎಂಬ ಒಂದೇ ಪ್ರಶ್ನೆಗೆ ಇವರಲ್ಲಿ ಹೆಚ್ಚಿನವರು ವಾಪಸು ಹೋಗುತ್ತಾರೆ, ಇಲ್ಲವೇ ಹೆಲ್ಪರ್ ಆಗಿ ಸೇರಿ ಅಲ್ಲೇ ಉಳಿಯುತ್ತಾರೆ. ಕೆಲಸವೂ ಇದೆ, ಕೆಲಸ ಬೇಕಾದವರೂ ಇದ್ದಾರೆ, ಇಬ್ಬರೂ ಒಂದೇ ರಸ್ತೆಯಲ್ಲಿದ್ದಾರೆ. ಆದರೂ ಈ ಎರಡು ಕೂಡಿಬರುತ್ತಿಲ್ಲವಲ್ಲ ಎಂಬುದೇ ಈ ಪತ್ರದ ಚಿಂತೆ.

ನಾನು ಸರ್ಕಾರಿ ಐಟಿಐಗಳಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಟರ್ನರ್ ಮತ್ತು ಮೆಷಿನಿಸ್ಟ್ ವಿಭಾಗಗಳಲ್ಲಿ ಕಲಿಸಿ ನಿವೃತ್ತನಾದವನು. ಈಗ ರಾಜಗೋಪಾಲನಗರದ ನಮ್ಮ ಮನೆಯ ಹತ್ತಿರದ ಕೆಲವು ಸಣ್ಣ ಮೆಷಿನ್ ಶಾಪುಗಳಿಗೆ ಹೋಗಿ, ಹೊಸಬರನ್ನು ಆರಿಸುವಾಗಲೂ ಅವರನ್ನು ಯಂತ್ರದ ಮುಂದೆ ನಿಲ್ಲಿಸಿ ಕಲಿಸುವಾಗಲೂ ಮಾಲೀಕರಿಗೆ ನೆರವಾಗುತ್ತೇನೆ. ಹಾಗಾಗಿ ಕಲಿಸಿ ಕಳಿಸುವವರ ಕಷ್ಟವನ್ನೂ ಕೆಲಸಕ್ಕೆ ಸೇರಿಸಿಕೊಳ್ಳುವವರ ಕಷ್ಟವನ್ನೂ ಬಲ್ಲೆ. ತಮ್ಮ ಇಲಾಖೆ ಕೈಕಟ್ಟಿ ಕುಳಿತಿದೆ ಎಂದು ದೂರುವುದು ನನ್ನ ಉದ್ದೇಶವಲ್ಲ. ಹಣ ಖರ್ಚಾಗುತ್ತಿದೆ, ಯಂತ್ರಗಳು ಬಂದಿವೆ, ಯೋಜನೆಗಳಿಗೂ ಬರವಿಲ್ಲ. ಆದರೆ ಕಸುಬು ಕೊನೆಗೂ ಕೈಗೆ ಹತ್ತುವುದು ಕೆಲಸದ ಜಾಗದಲ್ಲಿ, ಕೆಲಸ ಬಲ್ಲವರ ಪಕ್ಕದಲ್ಲಿ ನಿಂತಾಗ. ಆ ಜಾಗದಲ್ಲಿ ಕಲಿಸುವ ಹೊಣೆಯನ್ನು ಇಂದಿನ ಬೆಂಗಳೂರಿನಲ್ಲಿ ಯಾರೂ ಪೂರ್ತಿಯಾಗಿ ಹೊತ್ತಿಲ್ಲ. ಆ ಹೊಣೆಯನ್ನು ಸರ್ಕಾರ ಕೈಗೆತ್ತಿಕೊಂಡು ಹಂಚಬೇಕು ಎಂದು ಕೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ಎಕ್ಸ್‌ಪೀರಿಯೆನ್ಸ್ ಎಂದು ಮಾಲೀಕರು ಕೇಳುವುದೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೆಲಸ ಕೇಳಿಕೊಂಡು ಬಂದ ಹುಡುಗನ ಕೈಗೆ ಸಿಎನ್‌ಸಿ ಲೇತಿನಿಂದ ಆಗಷ್ಟೇ ಇಳಿದ ಶಾಫ್ಟ್ ಒಂದನ್ನು ಕೊಟ್ಟು ಡ್ರಾಯಿಂಗನ್ನು ಮುಂದಿಡುತ್ತೇವೆ. ಡ್ರಾಯಿಂಗಿನಲ್ಲಿ ವ್ಯಾಸ 32 ಮಿ.ಮೀ. ಎಂದಿದೆ, 0.02 ಮಿ.ಮೀ.ನಷ್ಟು ಮಾತ್ರ ಹೆಚ್ಚು ಕಡಿಮೆಗೆ ಅವಕಾಶವಿದೆ. ಮೇಜಿನ ಮೇಲೆ ಎರಡು ಮೈಕ್ರೋಮೀಟರುಗಳಿವೆ, ಒಂದು 0ಯಿಂದ 25ರದು, ಇನ್ನೊಂದು 25ರಿಂದ 50ರದು. ಸರಿಯಾದದ್ದನ್ನು ಎತ್ತಿಕೊಂಡು, ಜೀರೊ ನೋಡಿಕೊಂಡು, ‘32.04 ಬರ್ತಿದೆ ಸಾರ್’ ಎಂದು ಹೇಳುವಷ್ಟನ್ನು ಚೆನ್ನಾಗಿ ಕಲಿತ ಹುಡುಗರು ಮಾಡುತ್ತಾರೆ. ಹೆಚ್ಚಿನವರು ನಿಲ್ಲುವುದು ಅದರ ಮುಂದಿನ ಹೆಜ್ಜೆಯಲ್ಲಿ. ಯಾವ ಟೂಲಿನ ಆಫ್‌ಸೆಟ್‌ಗೆ (ಯಂತ್ರದಲ್ಲಿ ದಾಖಲಾಗಿರುವ ಅಳತೆಯ ಹೊಂದಾಣಿಕೆ) ಹೋಗಿ 0.04 ಕಳೆಯಬೇಕು, ಕಳೆಯುವ ಮೊದಲು ಇನ್‌ಸರ್ಟಿನ (ಟೂಲಿನ ತುದಿಯಲ್ಲಿ ಲೋಹ ಕತ್ತರಿಸುವ ತುಣುಕು) ಮೊನೆ ಸವೆದಿದೆಯೇ ಎಂದು ನೋಡಬೇಕೇ, ಜಾಬ್, ಅಂದರೆ ತಯಾರಾದ ಭಾಗ, ಇನ್ನೂ ಬಿಸಿಯಿರುವಾಗ ಸಿಕ್ಕ ಅಳತೆಯನ್ನು ನಂಬಬಹುದೇ, ಇದಕ್ಕೆ ಮೊದಲು ಇಳಿದು ಟ್ರೇಯಲ್ಲಿ ಕುಳಿತಿರುವ ಜಾಬುಗಳ ಗತಿಯೇನು, ಸೂಪರ್‌ವೈಸರ್‌ಗೆ ಹೇಳಬೇಕೇ ಅಥವಾ ತಾನೇ ಸರಿಮಾಡಬಹುದೇ ಎಂಬ ತೀರ್ಮಾನಗಳನ್ನು ಅರೆನಿಮಿಷದಲ್ಲಿ ಮಾಡಬಲ್ಲವನನ್ನು ಮಾಲೀಕರು ಆಪರೇಟರ್ ಎನ್ನುತ್ತಾರೆ.

ಇವು ಪಠ್ಯಕ್ರಮದಲ್ಲಿ ಇಲ್ಲದ ವಿಷಯಗಳೇನಲ್ಲ. ನಾವು ತರಗತಿಯಲ್ಲಿ ಹೇಳಿಕೊಟ್ಟೇ ಇರುತ್ತೇವೆ. ಆದರೆ ಇಪ್ಪತ್ತು ಮಂದಿಯ ತಂಡ ಒಂದು ಯಂತ್ರದ ಸುತ್ತ ನಿಂತು ಸರದಿ ಕಾಯುವಲ್ಲಿ, ಕೆಟ್ಟ ಜಾಬಿನಿಂದ ಯಾರಿಗೂ ನಷ್ಟವಾಗದಲ್ಲಿ, ಸಂಜೆಯೊಳಗೆ ಮಾಲು ಕಳಿಸಬೇಕೆಂಬ ತುರ್ತು ಇಲ್ಲದಲ್ಲಿ ಈ ತೀರ್ಮಾನಗಳು ಮೈಗೂಡುವುದಿಲ್ಲ. ನಮ್ಮ ಹುಡುಗರಿಗೆ ತಲೆ ಇಲ್ಲ, ಶ್ರದ್ಧೆ ಇಲ್ಲ ಎಂದು ಕೆಲವು ಉದ್ಯಮಿಗಳು ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಒಳ್ಳೆಯ ಸೆಟ್ಟರ್ ಒಬ್ಬರ ಪಕ್ಕದಲ್ಲಿ ಆರು ತಿಂಗಳು ನಿಂತ ಅದೇ ಹುಡುಗ, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮ್ಯಾನ್ಯುಯಲ್ ಕಂಡರೆ ಅಂಜುತ್ತಿದ್ದವನು, ಪ್ರೋಗ್ರಾಮ್ ತಿದ್ದುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಊರು ಇದನ್ನು ಒಂದು ಕಾಲದಲ್ಲಿ ಚೆನ್ನಾಗಿ ಅರಿತಿತ್ತು. 1943ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾದ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಇಂದಿಗೂ ಎಸ್‌ಜೆ ಪಾಲಿಟೆಕ್ನಿಕ್ ಆಗಿ ಕೆ.ಆರ್. ವೃತ್ತದ ಬಳಿ ನಿಂತಿದೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದಾಗ ಅವು ಕೆಲಸ ಕೊಟ್ಟದ್ದು ಮಾತ್ರವಲ್ಲದೆ ಕೆಲಸ ಕಲಿಸಿದವು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಹುಡುಗ ಐಟಿಐ ಓದಿ, ಈ ಕಾರ್ಖಾನೆಗಳಲ್ಲೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿ, ನುರಿತ ಕೆಲಸಗಾರರ ಬೈಗುಳ ತಿಂದು, ಅವರ ಕೈಚಳಕ ನೋಡಿ ಕಲಿತು ಮೆಷಿನಿಸ್ಟ್ ಆಗುತ್ತಿದ್ದ. ಅಲ್ಲಿ ಕಲಿತ ಎಷ್ಟೋ ಮಂದಿ ಮುಂದೆ ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಒಂದು ಲೇತ್ ಹಾಕಿಕೊಂಡು ಸ್ವಂತ ಶೆಡ್ ತೆರೆದರು. ಸಾರ್ವಜನಿಕ ಉದ್ದಿಮೆಗಳ ಖರ್ಚಿನಲ್ಲಿ ಕಲಿತ ಕಸುಬಿನ ಮೇಲೆ ಖಾಸಗಿ ಸಣ್ಣ ಕೈಗಾರಿಕೆಯ ಒಂದು ದೊಡ್ಡ ಭಾಗ ಬೆಳೆದದ್ದು ಹೀಗೆ.

ಆ ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ಸೊರಗಿದವು, ಎಚ್‌ಎಂಟಿಯ ಗಡಿಯಾರ ಘಟಕ 2016ರಲ್ಲಿ ಮುಚ್ಚಿಯೇ ಹೋಯಿತು. ಉಳಿದವುಗಳಲ್ಲಿ ಅಪ್ರೆಂಟಿಸ್‌ಗಳನ್ನು ಈಗಲೂ ತೆಗೆದುಕೊಳ್ಳುತ್ತಾರಾದರೂ ಕಾಯಂ ನೇಮಕಾತಿ ಮೊದಲಿನಂತಿಲ್ಲ. ಕೆಲಸದ ಬಹುಭಾಗ ಹತ್ತಿಪ್ಪತ್ತು ಜನರಿರುವ ಸಣ್ಣ ಶೆಡ್ಡುಗಳಿಗೆ, ಗುತ್ತಿಗೆಯ ತಂಡಗಳಿಗೆ ಸರಿಯಿತು. ಕೆಲಸ ಅತ್ತ ಹೋಯಿತು, ಕಲಿಸುವ ವ್ಯವಸ್ಥೆ ಅದರ ಹಿಂದೆ ಹೋಗಲಿಲ್ಲ. 1970ರ ದಶಕದಿಂದ ಬೆಳೆದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಕೈಗಾರಿಕಾ ಪ್ರದೇಶಗಳಲ್ಲೊಂದಾದ ಪೀಣ್ಯದಲ್ಲಿ ಸಾವಿರಾರು ಘಟಕಗಳಿದ್ದರೂ, ಹೊಸಬನೊಬ್ಬನಿಗೆ ಒಂದು ವರ್ಷ ಕ್ರಮವಾಗಿ ಕಲಿಸಬಲ್ಲ ಘಟಕವನ್ನು ಹುಡುಕಿಕೊಂಡು ಹೋಗಬೇಕು.

ಸರ್ಕಾರ ತನ್ನ ಪಾಲಿಗೆ ತರಬೇತಿ ಸಂಸ್ಥೆಗಳ ಮೇಲೆ ಹಣ ಹೂಡಿದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳನ್ನಾಗಿ ಮಾರ್ಪಡಿಸಿ, 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದ ಆ ಯೋಜನೆಯನ್ನು 2022ರ ಜೂನ್‌ನಲ್ಲಿ ಪ್ರಧಾನಿಯವರಿಂದ ಲೋಕಾರ್ಪಣೆ ಮಾಡಿಸಲಾಯಿತು. ಅದನ್ನು ನಾನು ಮನಸಾರೆ ಸ್ವಾಗತಿಸಿದೆ, ಏಕೆಂದರೆ ಹಳೆಯ ಲೇತುಗಳ ಮೇಲೆ ಕಲಿಸುತ್ತಿದ್ದ ನಮಗೆ ರೋಬೋಟ್ ತೋಳು, ತ್ರೀಡಿ ಪ್ರಿಂಟರ್, ಬ್ಯಾಟರಿ ವಾಹನದ ಭಾಗಗಳು ತರಗತಿಗೆ ಬರುವುದೆಂದರೆ ಸಣ್ಣ ಮಾತಲ್ಲ. ಆದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಅದನ್ನು ದಿನವೂ ಓಡಿಸಿ ಕಲಿಸುವ ಬೋಧಕ, ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ, ಕೆಟ್ಟಾಗ ದುರಸ್ತಿಯ ಹಣ ಇರಬೇಕು. ಖಾಲಿ ಇರುವ ತರಬೇತಿ ಅಧಿಕಾರಿಗಳ ಹುದ್ದೆಗಳನ್ನು ಅತಿಥಿ ಬೋಧಕರಿಂದ ತುಂಬಿಕೊಂಡು ನಡೆಸುವ ಕಡೆ ಈ ಮೂರೂ ಸೊರಗುತ್ತವೆ. ಇದಕ್ಕೆ ಹೊರತಾದ ಮಾದರಿ ನಮ್ಮ ರಾಜಾಜಿನಗರದಲ್ಲೇ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ವಿದ್ಯಾರ್ಥಿಗಳಿಗೆ ಮೂರು ವರ್ಷ ತನ್ನಲ್ಲಿ ಕಲಿಸಿ ನಾಲ್ಕನೇ ವರ್ಷ ಕಾರ್ಖಾನೆಗೆ ಕಳಿಸುತ್ತದೆ. ಅದು ಹೊರಗಿನಿಂದ ಕೆಲಸದ ಆರ್ಡರ್ ಪಡೆದು ಟೂಲ್, ಡೈ, ಮೋಲ್ಡ್ ಮಾಡಿಕೊಡುತ್ತದೆ. ಅಲ್ಲಿನ ವಿದ್ಯಾರ್ಥಿ ಮಾಡಿದ ಭಾಗಕ್ಕೆ ಗಿರಾಕಿಯಿದ್ದಾನೆ, ಅಳತೆ ತಪ್ಪಿದರೆ ಅದು ವಾಪಸು ಬರುತ್ತದೆ. ಅಲ್ಲಿಂದ ಹೊರಬಂದವರಿಗೆ ಕೆಲಸ ಬೇಗ ಸಿಗುವ ಗುಟ್ಟು ಇದರಲ್ಲಿದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಪ್ರತಿ ಐಟಿಐಯನ್ನೂ ಜಿಟಿಟಿಸಿ ಮಾಡಲಾಗದು ಎಂಬುದು ಗೊತ್ತು. ಆದ್ದರಿಂದಲೇ ಅಪ್ರೆಂಟಿಸ್‌ಶಿಪ್ ಕಡೆಗೆ ತಮ್ಮ ಗಮನ ಸೆಳೆಯುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆ ನಮ್ಮಲ್ಲಿದೆ. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಒಟ್ಟು ಬಲದ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಅದಕ್ಕಿಂತ ಚಿಕ್ಕವಕ್ಕೆ ಅದು ಐಚ್ಛಿಕ. ಬೆಂಗಳೂರಿನ ಮಟ್ಟಿಗೆ ತೊಡಕು ಇರುವುದು ಇಲ್ಲಿಯೇ. ನಮ್ಮ ಮೆಷಿನ್ ಶಾಪುಗಳಲ್ಲಿ, ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ, ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಬಹುಪಾಲು ಮೂವತ್ತಕ್ಕಿಂತ ಕೆಳಗಿನವು.

ಸಣ್ಣ ಮಾಲೀಕರು ಅಪ್ರೆಂಟಿಸ್ ಬೇಡ ಎನ್ನುವುದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಹೊಸಬನಿಗೆ ಕಲಿಸಲು ಸೆಟ್ಟರ್ ಒಂದು ಗಂಟೆ ಕೊಟ್ಟರೆ ಆ ಒಂದು ಗಂಟೆ ಯಂತ್ರದ ಉತ್ಪಾದನೆ ಕುಸಿಯುತ್ತದೆ. ಯಂತ್ರವನ್ನು ಬ್ಯಾಂಕ್ ಸಾಲದಲ್ಲಿ ತಂದವರಿಗೆ ಆ ಗಂಟೆ ಸಣ್ಣದಲ್ಲ. ಹೊಸಬ ಟೂಲ್ ಡಿಕ್ಕಿ ಹೊಡೆಸಿದರೆ ಸ್ಪಿಂಡಲ್ ದುರಸ್ತಿಯ ಖರ್ಚು ತಿಂಗಳ ಲಾಭವನ್ನೇ ನುಂಗಬಹುದು. ಪೋರ್ಟಲ್‌ನಲ್ಲಿ ನೋಂದಣಿ, ಕರಾರು, ಪ್ರತಿ ತಿಂಗಳ ಹಾಜರಿ, ಸ್ಟೈಪೆಂಡ್ ಮರುಪಾವತಿಯ ಅರ್ಜಿ ಇವನ್ನೆಲ್ಲ ನೋಡಿಕೊಳ್ಳಲು ಅವರಲ್ಲಿ ಎಚ್‌ಆರ್ ವಿಭಾಗವಿಲ್ಲ, ಮಾಲೀಕರ ಮನೆಯವರೇ ಲೆಕ್ಕ ಬರೆಯುತ್ತಿರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ವರ್ಷವಿಡೀ ಕಲಿಸಿದ ಹುಡುಗ ಪಕ್ಕದ ರಸ್ತೆಯ ಶೆಡ್‌ನವರು ಎರಡು ಸಾವಿರ ಹೆಚ್ಚು ಕೊಟ್ಟೊಡನೆ ಹೋಗಿಬಿಡುತ್ತಾನೆ ಎಂಬ ಭಯ. ಹುಡುಗನ ತಪ್ಪು ಅದರಲ್ಲೇನೂ ಇಲ್ಲ, ಹೆಚ್ಚಿನ ಸಂಬಳ ಅವನ ಹಕ್ಕು. ಆದರೆ ಕಲಿಸಿದವರಿಗೆ ನಷ್ಟ, ಕಲಿಸದವರಿಗೆ ಲಾಭ ಎಂಬ ಲೆಕ್ಕ ಇರುವವರೆಗೆ ಯಾವ ಸಣ್ಣ ಉದ್ಯಮಿಯೂ ಒಂಟಿಯಾಗಿ ಕಲಿಸಲು ಮುಂದಾಗುವುದಿಲ್ಲ.

ಈ ಖರ್ಚನ್ನು ಒಬ್ಬರ ಹೆಗಲಿಂದ ಇಳಿಸಿ ಇಡೀ ಪ್ರದೇಶಕ್ಕೆ ಹಂಚುವುದೇ ಇದಕ್ಕೆ ದಾರಿ. ಪೀಣ್ಯದಂಥ ಪ್ರದೇಶದಲ್ಲಿ ಒಂದೇ ಬಗೆಯ ಕೆಲಸ ಮಾಡುವ ಹತ್ತಿಪ್ಪತ್ತು ಶೆಡ್ಡುಗಳನ್ನು ಒಂದು ಗುಂಪಾಗಿಸಿ, ಆ ಗುಂಪಿಗೆ ಒಬ್ಬ ನುರಿತ ತರಬೇತುದಾರರನ್ನು ಇಲಾಖೆಯ ಸಂಬಳದಲ್ಲಿ ನೇಮಿಸಬಹುದು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳಿಂದ ನಿವೃತ್ತರಾದ, ಮೈಯಲ್ಲಿ ಇನ್ನೂ ಕಸುವಿರುವ ಎಷ್ಟೋ ಹಿರಿಯ ಕೆಲಸಗಾರರು ಈ ನಗರದಲ್ಲಿದ್ದಾರೆ. ಕರೆದರೆ ಅವರು ಬರುತ್ತಾರೆ ಎಂದು ಧೈರ್ಯವಾಗಿ ಹೇಳಬಲ್ಲೆ. ಹುಡುಗರು ವಾರದಲ್ಲಿ ಒಂದು ದಿನ ಹತ್ತಿರದ ಐಟಿಐಯ ಹೊಸ ಯಂತ್ರಗಳ ಮೇಲೆ ಅಭ್ಯಾಸ ಮಾಡಿ, ಉಳಿದ ದಿನ ಶೆಡ್ಡಿನಲ್ಲಿ ದುಡಿದು ಕಲಿಯಲಿ. ಕಾಗದಪತ್ರದ ಕೆಲಸವನ್ನು ಇಡೀ ಗುಂಪಿನ ಪರವಾಗಿ ಒಂದೇ ಕಚೇರಿ ನೋಡಿಕೊಳ್ಳಲಿ. ಐಟಿಐ ಮತ್ತು ಕಾರ್ಖಾನೆಗಳು ಜೊತೆಗೂಡಿ ಕಲಿಸುವ ಡಿಎಸ್‌ಟಿ ಪದ್ಧತಿ ಈಗಾಗಲೇ ಇದೆ. ಅದು ಸಣ್ಣ ಘಟಕಗಳನ್ನೂ ತಲುಪುವಂತೆ ಮಾಡಬೇಕಾಗಿದೆ. ಕಲಿತ ಹುಡುಗ ಪಕ್ಕದ ಶೆಡ್ಡಿಗೆ ಹೋದರೂ ಗುಂಪಿನೊಳಗೇ ಉಳಿಯುವುದರಿಂದ ಮಾಲೀಕರ ಭಯ ಬಹಳಷ್ಟು ತಗ್ಗುತ್ತದೆ.

ಇನ್ನು ಹುಡುಗರ ಕಡೆಯಿಂದ ನೋಡೋಣ. ಅದೇ 2019ರ ನಿಯಮದಲ್ಲಿ ಐಟಿಐ ಪ್ರಮಾಣಪತ್ರ ಇರುವ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಎಂದು ಗೊತ್ತುಮಾಡಲಾಯಿತು, ಅದರಲ್ಲಿ ಶೇ 25ರಷ್ಟನ್ನು, 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಸ್ಟೈಪೆಂಡನ್ನು ಶೇ 36ರಷ್ಟು ಹೆಚ್ಚಿಸುವಂತೆ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿತು. ಅಷ್ಟು ಹೆಚ್ಚಿದರೂ ಬೆಂಗಳೂರಿನಲ್ಲಿ ಪಿಜಿಯ ಒಂದು ಹಾಸಿಗೆ, ಎರಡು ಹೊತ್ತಿನ ಊಟ, ಓಡಾಟದ ಖರ್ಚು ಕಳೆದರೆ ಊರಿಗೆ ಕಳಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ವಯಸ್ಸಿನ ಗೆಳೆಯ ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸಿ ಮೊದಲ ತಿಂಗಳಿಂದಲೇ ಅದಕ್ಕಿಂತ ಹೆಚ್ಚು ಸಂಪಾದಿಸುತ್ತಾನೆ. ಆ ದುಡಿಮೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅವರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದದ್ದು ದೊಡ್ಡ ಕೆಲಸ. ಆದರೆ ಎರಡು ವರ್ಷ ಕಷ್ಟಪಟ್ಟು ವೆಲ್ಡಿಂಗ್ ಅಥವಾ ಟರ್ನಿಂಗ್ ಕಲಿಯಬಲ್ಲ ಹುಡುಗ, ಕಲಿಯುವ ಕಾಲದಲ್ಲಿ ಹೊಟ್ಟೆಗಿಲ್ಲದ ಕಾರಣಕ್ಕೆ ಕಸುಬು ಬಿಟ್ಟು ಹೋಗುವುದು ಅವನಿಗೂ ನಷ್ಟ, ಈ ನಗರಕ್ಕೂ ನಷ್ಟ.

ಇಲ್ಲಿ ಯುವನಿಧಿಯ ಮಾತು ಬರುತ್ತದೆ. 2024ರ ಜನವರಿಯಿಂದ ಪದವೀಧರರಿಗೆ ತಿಂಗಳಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು, ಕೆಲಸ ಸಿಗದಿದ್ದಲ್ಲಿ ಎರಡು ವರ್ಷದವರೆಗೆ, ಸರ್ಕಾರ ಕೊಡುತ್ತಿದೆ. ಎಷ್ಟೋ ಮನೆಗಳಲ್ಲಿ ಅರ್ಜಿ ಶುಲ್ಕಕ್ಕೂ ಬಸ್ ಚಾರ್ಜಿಗೂ ಅದು ಆಸರೆಯಾಗಿದೆ. ಆದರೆ ಅದರ ಷರತ್ತುಗಳ ಪ್ರಕಾರ ಅಪ್ರೆಂಟಿಸ್ ವೇತನ ಪಡೆಯುವವರು ಅನರ್ಹರು, ಐಟಿಐ ಓದಿದವರು ಯೋಜನೆಯ ವ್ಯಾಪ್ತಿಗೇ ಬರುವುದಿಲ್ಲ. ಅಂದರೆ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದರೆ ನೆರವು ಉಂಟು, ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಕಾಲಿಟ್ಟ ದಿನ ನೆರವು ನಿಲ್ಲುತ್ತದೆ. ಮಾನ್ಯರೇ, ಈ ಒಂದು ಷರತ್ತನ್ನು ತಿರುಗಿಸಿ ಬರೆಯಬೇಕೆಂದು ನನ್ನ ಕಳಕಳಿಯ ಪ್ರಾರ್ಥನೆ. ಅಪ್ರೆಂಟಿಸ್ ಆಗಿ ಸೇರಿದವರಿಗೆ ನೆರವು ಮುಂದುವರಿಯಲಿ, ಐಟಿಐ ಮುಗಿಸಿ ಅಪ್ರೆಂಟಿಸ್ ಆದವರಿಗೂ ಅದು ಸಿಗಲಿ. ಇದಕ್ಕೆ ಹೊಸ ಯೋಜನೆಯ ಹೆಸರು, ಹೊಸ ಲಾಂಛನ, ಉದ್ಘಾಟನೆ ಯಾವುದೂ ಬೇಡ. ಒಂದು ಆದೇಶದ ತಿದ್ದುಪಡಿ ಸಾಕು.

ಸ್ಥಳೀಯರಿಗೆ ಉದ್ಯೋಗ ಎಂಬ ಬೇಡಿಕೆಯನ್ನೂ ನಾನು ಇದೇ ಹಿನ್ನೆಲೆಯಲ್ಲಿ ನೋಡುತ್ತೇನೆ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ 58 ಶಿಫಾರಸುಗಳನ್ನು ಕೊಟ್ಟಾಗಿನಿಂದ ಈ ಬೇಡಿಕೆ ಜೀವಂತವಾಗಿದೆ, ನ್ಯಾಯವಾದದ್ದೂ ಹೌದು. 2024ರ ಜುಲೈನಲ್ಲಿ ಸಂಪುಟದ ಮುಂದೆ ಬಂದ ಮಸೂದೆಯಲ್ಲಿ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು. ಉದ್ಯಮಿಗಳ ವಿರೋಧ ಎದ್ದ ಮೇಲೆ ಅದನ್ನು ತಡೆಹಿಡಿಯಲಾಯಿತು. ಆ ದಿನಗಳಲ್ಲಿ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಶೇ 50 ಮತ್ತು ಶೇ 70ರ ಬಗ್ಗೆಯೇ ವಾದ ನಡೆಯಿತು. ಅದೇ ಮಸೂದೆಯಲ್ಲಿ, ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಸಹಯೋಗದೊಂದಿಗೆ ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಡಲು ಸಂಸ್ಥೆ ಕ್ರಮ ಕೈಗೊಳ್ಳಬೇಕು ಎಂಬ ಷರತ್ತೂ ಇತ್ತು. ಅದರ ಬಗ್ಗೆ ಚರ್ಚೆ ನಡೆದದ್ದು ತೀರಾ ಕಡಿಮೆ. ನನ್ನ ದೃಷ್ಟಿಯಲ್ಲಿ ಆ ಮಸೂದೆಯ ಜೀವಾಳವೇ ಆ ಷರತ್ತು. ಮಸೂದೆ ಮತ್ತೆ ಬರಲಿ ಬಾರದಿರಲಿ, ಕೈಗಾರಿಕಾ ನೀತಿಯಡಿ ಜಮೀನು, ತೆರಿಗೆ ರಿಯಾಯಿತಿ, ಬಂಡವಾಳ ಸಬ್ಸಿಡಿ ಪಡೆಯುವ ಪ್ರತಿಯೊಂದು ಸಂಸ್ಥೆಯೂ ಎಷ್ಟು ಮಂದಿ ಕನ್ನಡದ ಯುವಕ ಯುವತಿಯರಿಗೆ, ಯಾವ ಕೆಲಸವನ್ನು, ಎಷ್ಟು ಅವಧಿಯಲ್ಲಿ ಕಲಿಸುತ್ತದೆ ಎಂದು ಕರಾರಿನಲ್ಲೇ ಬರೆದುಕೊಡುವಂತೆ ಸರ್ಕಾರ ಇವತ್ತೇ ಕೇಳಬಹುದು. ದೇವನಹಳ್ಳಿ ಕಡೆ ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆ ಬಂದಿದೆ, ವೈಮಾಂತರಿಕ್ಷ ಬಿಡಿಭಾಗಗಳ ಘಟಕಗಳು ಬಂದಿವೆ. ಜಾಗತಿಕ ಕಂಪನಿಗಳ ಸಾಮರ್ಥ್ಯ ಕೇಂದ್ರಗಳಿಗಾಗಿ 2024ರಲ್ಲಿ ತಂದ ನೀತಿ ಇನ್ನೂ 500 ಕೇಂದ್ರಗಳನ್ನು ಕರೆತರುವ ಗುರಿ ಇಟ್ಟುಕೊಂಡಿದೆ. ಇವಕ್ಕೆಲ್ಲ ಮೊದಲ ದಿನವೇ ಈ ಮಾತು ಹೇಳಿದರೆ ವಿರೋಧ ಬರಲಾರದು, ಏಕೆಂದರೆ ನುರಿತ ಕೈಗಳು ಅವರಿಗೂ ಬೇಕು.

ಕಾರ್ಖಾನೆಯ ಮಾತನ್ನೇ ಹೆಚ್ಚು ಆಡಿದೆ, ಅದು ನನಗೆ ಗೊತ್ತಿರುವ ಲೋಕ. ಆದರೆ ಬಿ.ಕಾಂ. ಮುಗಿಸಿದ ಹುಡುಗಿಯರ ಕಥೆಯೂ ಬೇರೆಯಲ್ಲ. ಚಿಕ್ಕಪೇಟೆ, ಗಾಂಧಿನಗರದ ಸಗಟು ಅಂಗಡಿಗಳಿಗೂ ಆಡಿಟರ್ ಕಚೇರಿಗಳಿಗೂ ಲೆಕ್ಕ ಬಲ್ಲವರು ಸದಾ ಬೇಕು. ಪದವೀಧರೆಗೆ ಜಿಎಸ್‌ಟಿಯ ಉದ್ದೇಶ, ಇತಿಹಾಸ, ದರಗಳ ಪಟ್ಟಿ ಎಲ್ಲವೂ ಬಾಯಿಪಾಠವಾಗಿರುತ್ತದೆ. ಆದರೆ ಪೂರೈಕೆದಾರ ತನ್ನ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ಒಂದು ಬಿಲ್ ಬಿಟ್ಟುಬಿಟ್ಟಾಗ ನಮ್ಮ ಇನ್‌ಪುಟ್ ಕ್ರೆಡಿಟ್‌ಗೆ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಏನಾಗುತ್ತದೆ, ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಮೊದಲು ಯಾರಿಗೆ ಫೋನ್ ಮಾಡಿ ಹೇಗೆ ಕೇಳಬೇಕು ಎಂಬುದನ್ನು ಕಚೇರಿಯಲ್ಲಿ ಒಂದೆರಡು ತಿಂಗಳು ಕೂತವರೇ ಬಲ್ಲರು. ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿಗಳನ್ನು ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆರಂಭಿಸಿರುವುದು ಸರಿಯಾದ ಹೆಜ್ಜೆ. ಅದನ್ನು ಸಾಮಾನ್ಯ ಬಿ.ಕಾಂ., ಬಿಸಿಎಗಳಿಗೂ ವಿಸ್ತರಿಸಿ, ಕೊನೆಯ ಸೆಮಿಸ್ಟರನ್ನು ಕೆಲಸದ ಜಾಗದಲ್ಲಿ ಕಳೆಯುವಂತೆ ಮಾಡಲು ಉನ್ನತ ಶಿಕ್ಷಣ ಇಲಾಖೆಯೊಂದಿಗೆ ತಾವು ಮಾತನಾಡಬೇಕು. ಸಂದರ್ಶನದ ಇಂಗ್ಲಿಷ್‌ಗೆ ಹೆದರಿ ಹಿಂಜರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಅಲ್ಲಿ ಸಿಗುವ ಧೈರ್ಯ ಯಾವ ಸ್ಪೋಕನ್ ಇಂಗ್ಲಿಷ್ ತರಗತಿಯಲ್ಲೂ ಸಿಗದು.

ಹೆಣ್ಣುಮಕ್ಕಳ ವಿಷಯದಲ್ಲಿ ಕೌಶಲ್ಯಕ್ಕಿಂತ ಮೊದಲು ಬರುವ ಪ್ರಶ್ನೆಗಳಿವೆ, ಅವನ್ನು ಇಲಾಖೆಯ ಯಾವ ಪಠ್ಯಕ್ರಮವೂ ಬಗೆಹರಿಸದು. ಮೈಸೂರು ರಸ್ತೆ, ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಬಹುಪಾಲು ದುಡಿಯುವವರು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮದ ವಿರುದ್ಧ ರಸ್ತೆಗಿಳಿದು ಕೇಂದ್ರ ಸರ್ಕಾರದ ನಿರ್ಧಾರವನ್ನೇ ಹಿಂದೆಗೆಸಿದವರು ಅವರು. ವರ್ಷಗಟ್ಟಲೆ ಕಾಲರ್ ಕೂರಿಸುವುದೊಂದನ್ನೇ ಮಾಡಿದ ಟೈಲರ್‌ಗೆ ಪ್ಯಾಟರ್ನ್ ಕತ್ತರಿಸಲು, ಲೈನ್ ನೋಡಿಕೊಳ್ಳಲು, ಯಂತ್ರ ದುರಸ್ತಿ ಮಾಡಲು ಕಲಿಸಿದರೆ ಅವರ ಸಂಬಳ ಏರುತ್ತದೆ. ಆದರೆ ಶಿಫ್ಟ್ ಮುಗಿದ ಮೇಲೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಯಾವ ತಾಯಿ ಸಂಜೆ ತರಬೇತಿಗೆ ಬಂದಾಳು? ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ನಡೆಸಬಲ್ಲ ಸರ್ಕಾರಕ್ಕೆ ಕೈಗಾರಿಕಾ ಪ್ರದೇಶಗಳಲ್ಲಿ ಅದನ್ನು ನಡೆಸುವುದು ಅಸಾಧ್ಯವಲ್ಲ. ಶಕ್ತಿ ಯೋಜನೆ ಬಂದ ಮೇಲೆ ದೂರದಿಂದ ಕೆಲಸಕ್ಕೆ ಬರುವುದು ಎಷ್ಟೋ ಹೆಂಗಸರಿಗೆ ಸಾಧ್ಯವಾಗಿದೆ. ಆದರೆ ಎರಡನೇ ಶಿಫ್ಟ್ ರಾತ್ರಿ ಹತ್ತಕ್ಕೆ ಬಿಡುವಾಗ ಒಳರಸ್ತೆಗಳಿಂದ ಮೆಟ್ರೊ ನಿಲ್ದಾಣದವರೆಗೆ ಬೀದಿದೀಪವೂ ಫೀಡರ್ ಬಸ್ಸೂ ಇಲ್ಲದ ಕಡೆಗಳಿವೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದದ್ದು ಆ ಭಾಗದ ಕಾರ್ಮಿಕರಿಗೆ ದೊಡ್ಡ ಅನುಕೂಲ. ಆದರೆ ಅದೇ ವರ್ಷ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅಪ್ರೆಂಟಿಸ್‌ಗಳಿಗೂ ಐಟಿಐ ವಿದ್ಯಾರ್ಥಿಗಳಿಗೂ ಮೆಟ್ರೊದಲ್ಲಿ ರಿಯಾಯಿತಿ ಪಾಸ್ ಕೊಡಿಸಲು ತಾವು ಒತ್ತಾಯಿಸಬೇಕು.

ಕೆಲಸ ಹುಡುಕುವ ದಾರಿಯ ಬಗ್ಗೆಯೂ ಒಂದು ಮಾತು. 1959ರ ಕಾಯ್ದೆ 25 ಅಥವಾ ಹೆಚ್ಚು ಮಂದಿ ಇರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದಿತ್ತು, ಅಲ್ಲಿಂದಲೇ ನೇಮಿಸಿಕೊಳ್ಳಬೇಕೆಂದು ಹೇಳಲಿಲ್ಲ. ಹಾಗಾಗಿ ಆ ಕೇಂದ್ರಗಳು ಕಾರ್ಡ್ ನವೀಕರಿಸುವ ಜಾಗಗಳಾಗಿ ಉಳಿದವು. ತೆರವಾದ ಆ ಜಾಗದಲ್ಲಿ ಇವತ್ತು ನೋಂದಣಿ ಶುಲ್ಕ, ಯೂನಿಫಾರ್ಮ್ ಡಿಪಾಸಿಟ್ ಎಂದು ಬಡ ಹುಡುಗರಿಂದ ಹಣ ಕೀಳುವ ಕನ್ಸಲ್ಟೆನ್ಸಿಗಳು ಕೂತಿವೆ. ಅರಮನೆ ಮೈದಾನದಲ್ಲಿ ವರ್ಷಕ್ಕೊಮ್ಮೆ ಉದ್ಯೋಗ ಮೇಳ ನಡೆಸುವುದರಿಂದ ಇದು ನಿಲ್ಲುವುದಿಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಈಗ ಐದು ನಗರ ಪಾಲಿಕೆಗಳಾಗಿವೆ. ಪ್ರತಿ ಪಾಲಿಕೆಯ ವಾರ್ಡ್ ಕಚೇರಿಗಳಲ್ಲಿ ಆ ಭಾಗದ ಖಾಲಿ ಕೆಲಸಗಳು, ಸಂಬಳ, ಶಿಫ್ಟ್, ಅಪ್ರೆಂಟಿಸ್ ಜಾಗಗಳ ವಿವರವನ್ನು ಕನ್ನಡದಲ್ಲಿ ವಾರವಾರ ಹಾಕಿದರೆ, ಹಣ ಕೇಳುವವರ ಮೇಲೆ ಅಲ್ಲೇ ದೂರು ಕೊಡುವ ಅವಕಾಶವಿದ್ದರೆ, ಬಹಳ ಮಂದಿ ಮೋಸಹೋಗುವುದು ತಪ್ಪುತ್ತದೆ.

ಕೊನೆಯದಾಗಿ, ಲೆಕ್ಕ ಇಡುವ ಬಗೆ. ನಮ್ಮಲ್ಲಿ ಅಲ್ಪಾವಧಿ ತರಬೇತಿಗಳ ಯಶಸ್ಸನ್ನು ಎಷ್ಟು ಮಂದಿಗೆ ಪ್ರಮಾಣಪತ್ರ ಕೊಟ್ಟೆವು ಎಂಬುದರಿಂದ ಅಳೆಯುವ ರೂಢಿ ಬೇರೂರಿದೆ. ಇದರಿಂದ ಕಂಪ್ಯೂಟರ್, ಬ್ಯೂಟಿಷಿಯನ್, ಹೊಲಿಗೆ ಎಂದು ಸುಲಭಕ್ಕೆ ನಡೆಸಬಹುದಾದ ತರಬೇತಿಗಳು ಹೆಚ್ಚುತ್ತವೆ, ಯಂತ್ರ, ಸಾಮಗ್ರಿ, ಸಮಯ ಬೇಡುವ ತರಬೇತಿಗಳು ಕಡಿಮೆಯಾಗುತ್ತವೆ. ತರಬೇತಿ ಕೊಟ್ಟ ಸಂಸ್ಥೆಗೆ ಹಣದ ಒಂದು ದೊಡ್ಡ ಪಾಲನ್ನು, ಕಲಿತವರು ಒಂದು ವರ್ಷದ ನಂತರವೂ ಕೆಲಸದಲ್ಲಿದ್ದಾರೆ ಎಂದು ಖಚಿತವಾದ ಮೇಲೆ ಕೊಡಬೇಕು. ಅದನ್ನು ಪರಿಶೀಲಿಸುವುದು ಕಷ್ಟವೇನಲ್ಲ. ಕಲಿಯುವವರ ಒಪ್ಪಿಗೆ ಪಡೆದು ಅವರ ಪಿಎಫ್ ಅಥವಾ ಇಎಸ್‌ಐ ವಂತಿಗೆ ಕಟ್ಟುತ್ತಿದೆಯೇ ಎಂದು ನೋಡಬಹುದು. ಆ ಎರಡರ ವ್ಯಾಪ್ತಿಗೂ ಬಾರದಷ್ಟು ಸಣ್ಣ ಶೆಡ್ಡುಗಳಲ್ಲಿರುವವರನ್ನು ಫೋನ್ ಮಾಡಿ ಕೇಳಬಹುದು. ಪ್ರತಿ ಸರ್ಕಾರಿ ಮತ್ತು ಖಾಸಗಿ ಐಟಿಐ, ಪ್ರತಿ ತರಬೇತಿ ಕೇಂದ್ರದ ಈ ಅಂಕಿಯನ್ನು ಹೆಸರು ಸಮೇತ ಪ್ರಕಟಿಸಿದರೆ, ಹಳ್ಳಿಯಿಂದ ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳಿಸುವ ತಂದೆತಾಯಿಗಳು ಶುಲ್ಕ ಕಟ್ಟುವ ಮೊದಲು ಅದನ್ನು ನೋಡಿ ತೀರ್ಮಾನಿಸುತ್ತಾರೆ. ಅಂಕಿ ಕಡಿಮೆ ಬಂದ ಸಂಸ್ಥೆಗಳನ್ನು ಕೂಡಲೇ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಬೋಧಕರಿಲ್ಲವೋ, ಯಂತ್ರವಿಲ್ಲವೋ, ಸುತ್ತಮುತ್ತ ಆ ಕಸುಬಿಗೆ ಕೆಲಸವೇ ಇಲ್ಲವೋ ಎಂದು ಮೊದಲು ಹೋಗಿ ನೋಡಬೇಕು.

ಪೀಣ್ಯದಲ್ಲಿ ಒಂದೇ ಒಂದು ಗುಂಪಿನಿಂದ, ಒಬ್ಬ ತರಬೇತುದಾರರಿಂದ ಮುಂದಿನ ಐಟಿಐ ತಂಡ ಹೊರಬರುವಷ್ಟರಲ್ಲಿ ಇದನ್ನು ಆರಂಭಿಸಬಹುದು. ತಾವಾಗಲಿ ಇಲಾಖೆಯ ಅಧಿಕಾರಿಗಳಾಗಲಿ ಒಂದು ದಿನ ಬಿಡುವು ಮಾಡಿಕೊಂಡು ಬಂದರೆ, ಕಲಿಸಲು ಒಪ್ಪುವ ಮಾಲೀಕರನ್ನೂ ನಿವೃತ್ತ ಕೆಲಸಗಾರರನ್ನೂ ಒಂದೆಡೆ ಕೂಡಿಸುವ ಹೊಣೆ ನನ್ನದು. ಸಭೆಗೆ ಜಾಗ, ಬಂದವರಿಗೆ ಕಾಫಿ ತಿಂಡಿಯ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳುತ್ತೇವೆ. ಯುವನಿಧಿಯ ಷರತ್ತಿನ ತಿದ್ದುಪಡಿಯ ಬಗ್ಗೆ ಇಲಾಖೆಯ ನಿಲುವೇನೆಂಬುದನ್ನು ಆ ದಿನ ತಿಳಿಸಿದರೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ತರಬೇತಿ ಅಧಿಕಾರಿ,
ರಾಜಗೋಪಾಲನಗರ, ಬೆಂಗಳೂರು

ಪ್ರತಿ: ಮಾನ್ಯ ಕಾರ್ಮಿಕ ಸಚಿವರಿಗೆ, ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ.